ಹನ್ನೊಂದು ದಿನ ಬದುಕಿದ್ದ ತಪ್ಪಿಗೆ

ಆ ವರ್ಷ ನಾವಿಕರ ಶಾಲೆಗೆ ದ್ವೀಪದಿಂದ ಆರಿಸಿದ್ದು ಇಬ್ಬರನ್ನೇ. ಒಬ್ಬ ಬಡಗಣ ಊರಿನವನು. ಇನ್ನೊಬ್ಬ ತಬೇರಾಳ ಮಗ ಕಮೊರಿಕಿ. ಹದಿನೆಂಟರ ಪ್ರಾಯ, ಊದಿದರೆ ಹಾರಿಹೋಗುವಂಥ ಮೈ. ಆದರೆ ತೆಂಗಿನ ಮರ ಹತ್ತಿ ನೀರಾ ಇಳಿಸುವುದರಲ್ಲಾಗಲಿ, ಹವಳದ ಬಂಡೆಸಾಲು ದಾಟಿಸಿ ದೋಣಿ ನುಗ್ಗಿಸುವುದರಲ್ಲಾಗಲಿ ಓರಗೆಯವರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ರಾಜಧಾನಿ ತರಾವಾಕ್ಕೆ ಹೊರಟ ದಿನ ಊರಿಗೆ ಊರೇ ವಿಮಾನದ ಬಯಲಿಗೆ ಬಂದು ಕೊರಳಿಗೆ ಹೂವಿನ ಸರ ಹಾಕಿ ಕಳಿಸಿತ್ತು. ಜರ್ಮನ್ ಹಡಗಿನಲ್ಲಿ ಎರಡು ವರ್ಷ ದುಡಿದು ಬಂದವನ ಮನೆಗೆ ತಗಡಿನ ಮಾಡು ಬರುತ್ತದೆ, ತಂಗಿಯರು ತರಾವಾದಲ್ಲಿ ಓದುತ್ತಾರೆ. ಇದು ಎಲ್ಲರೂ ಕಣ್ಣಾರೆ ಕಂಡ ಸಂಗತಿ.

ಹೋದವನು ಒಂಬತ್ತನೇ ದಿನಕ್ಕೆ ವಾಪಸು ಬಂದ.

ಶಾಲೆಗೆ ಸೇರಿಸಿಕೊಳ್ಳುವ ಮುಂಚೆ ಮಾಡುವ ಪರೀಕ್ಷೆಯಲ್ಲಿ ಮೂತ್ರಕ್ಕೆ ಅದ್ದಿದ ಕಡ್ಡಿ ಬಣ್ಣ ತಿರುಗಿತ್ತು. ರಕ್ತ ತೆಗೆದು ನೋಡಿದರೆ ಅದರಲ್ಲೂ ಸಕ್ಕರೆ. ಅವನಿಗೆ ದಣಿವಿರಲಿಲ್ಲ, ಜ್ವರವಿರಲಿಲ್ಲ. ಹಿಂದಿನ ದಿನ ತಾನೇ ಶಾಲೆಯ ಓಟದಲ್ಲಿ ಎರಡನೆಯವನಾಗಿ ಬಂದಿದ್ದ. ಅಲ್ಲಿನ ಡಾಕ್ಟರು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಹೇಳಿದ್ದರು: "ನಮ್ಮ ಕಡೆ ಸಕ್ಕರೆ ಕಾಯಿಲೆ ಯಾರಿಗಿಲ್ಲ ಹೇಳು? ಆದರೆ ಅದು ದಪ್ಪಗಿರೋರಿಗೆ, ನಲವತ್ತು ದಾಟಿದೋರಿಗೆ ಬರೋದು. ಅವರಿಗೆ ಮಾತ್ರೆ ನಡೆಯುತ್ತೆ. ನಿನ್ನ ಹಾಗೆ ಎಳೇ ಪ್ರಾಯದ ಕಡ್ಡಿ ಪೈಲ್ವಾನರಿಗೆ ಬರೋದು ಬೇರೆ ಜಾತಿ. ಅದಕ್ಕೆ ಇನ್ಸುಲಿನ್ ಸೂಜಿಯೇ ಗತಿ. ಬಿಟ್ಟರೆ ಸಾಯ್ತೀಯ."

ಸೂಜಿಯವರಿಗೆ ಹಡಗಿಲ್ಲ. ಮಾತ್ರೆಯವರಾದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಬಿಡುವುದೂ ಇತ್ತು. ಸೂಜಿಯವರಿಗೆ ಆ ಮಾತೇ ಇಲ್ಲ.

ದ್ವೀಪದ ಆಸ್ಪತ್ರೆ ಎಂದರೆ ಎರಡು ಕೋಣೆ, ಸೀಮೆಎಣ್ಣೆಯ ಒಂದು ಫ್ರಿಜ್ಜು, ಒಬ್ಬ ನರ್ಸ್. ಆ ನರ್ಸ್ ಇಯೋಬಿ, ತಬೇರಾಳ ಒಡಹುಟ್ಟಿದ ತಮ್ಮ, ಕಮೊರಿಕಿಯ ಸೋದರಮಾವ. ಊರಿನಲ್ಲಿ ಹೆರಿಗೆಯಾಗಲಿ, ಮೀನಿನ ಮುಳ್ಳು ನೆಟ್ಟಿರಲಿ, ಇಯೋಬಿಯೇ. ತಂದೆಯಿಲ್ಲದ ಅಳಿಯನಿಗೆ ಸೂಜಿ ಹಿಡಿಯುವುದನ್ನು ಕಲಿಸಿದವನೂ ಅವನೇ. ಮೊದಲ ಸಲ ಸೂಜಿಯನ್ನು ಚರ್ಮದವರೆಗೆ ಒಯ್ದು ಹಿಂದೆಗೆದಾಗ ಬೆನ್ನ ಮೇಲೆ ಕೈಯಿಟ್ಟು, "ಚುಚ್ಚೋ ಅಳಿಯ, ಚುಚ್ಚು. ಶಾರ್ಕ್ ಮೀನಿಗೆ ಹೆದರದೋನು ಇದಕ್ಕೆ ಹೆದರ್ತೀಯಾ?" ಎಂದು ನಗಿಸಿದ್ದ. ಅದಾದ ವಾರಕ್ಕೆ ಇನ್ನೊಂದು ಮಾತನ್ನೂ ಹೇಳಿದ.

"ನಿನ್ನ ಜಾಗ ಬೇರೆ ದ್ವೀಪದೋರ ಪಾಲಾಗೋದು ಬೇಡ ಅಂತ ನಮ್ಮ ತಾವಿತನ ಹೆಸರು ಕೊಟ್ಟಿದೀನಿ. ಪಟ್ಟಿಯಲ್ಲಿ ನಿನ್ನ ನಂತರ ಅವನದೇ ಇತ್ತು. ಬೇಜಾರಿಲ್ಲ ತಾನೆ?"

"ಬೇಜಾರೇನು ಮಾವ? ಮನೆಯೋನೇ ಹೋದ ಹಾಗಾಯ್ತು," ಎಂದ ಕಮೊರಿಕಿ. ಮಾವನ ಮಗ ತಾವಿತ ಹೊರಡುವ ದಿನದ ಊಟಕ್ಕೆ ನೀರಾ ಇಳಿಸಿಕೊಟ್ಟವನೂ ಅವನೇ.

ಅಲ್ಲಿಂದ ಅವನ ಬದುಕು ಆಸ್ಪತ್ರೆಗೂ ತೆಂಗಿನ ಮರಕ್ಕೂ ನಡುವೆ ಸುತ್ತತೊಡಗಿತು. ಹೊತ್ತು ಮೂಡುವ ಮುಂಚೆ ಮರ ಹತ್ತಿ ಹೊಂಬಾಳೆ ಕೆತ್ತಿ, ರಾತ್ರಿಯೆಲ್ಲ ತೊಟ್ಟಿಕ್ಕಿದ ನೀರಾವನ್ನು ಇಳಿಸುವುದು. ಕೆಳಗಿಳಿದು ಆಸ್ಪತ್ರೆಗೆ ನಡೆದು ಸೂಜಿ ಚುಚ್ಚಿಕೊಳ್ಳುವುದು. ಸಂಜೆ ಮತ್ತೆ ಎರಡೂ. ಊರಿನ ಕೂಸುಗಳೆಲ್ಲ ಕುಡಿಯುವ ಆ ಸಿಹಿ ನೀರಾದಲ್ಲಿ ಒಂದು ಗುಟುಕನ್ನೂ ಅವನು ಬಾಯಿಗೆ ಬಿಟ್ಟುಕೊಳ್ಳುವಂತಿರಲಿಲ್ಲ. "ಸೂಜಿ ಕಮೊ" ಎಂದು ಹೆಸರು ಬಿತ್ತು. "ಸೂಜಿ ಕಮೊ ಬಂದ, ದಾರ ತನ್ರೋ," ಎಂದು ಜೊತೆಯವರು ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ. ತಾವಿತ ಎರಡು ವರ್ಷಕ್ಕೊಮ್ಮೆ ಬಂದು ಹ್ಯಾಂಬರ್ಗಿನ ಸುದ್ದಿ ಹೇಳುವಾಗ ಮಾತ್ರ ಚಾವಡಿಯಿಂದ ಎದ್ದು ಹೋಗಿಬಿಡುತ್ತಿದ್ದ. ತಡವಾಗಿ ಮದುವೆಯಾಯಿತು, ತೆರಾವೋಯಿ ಎಂಬ ಮಾತು ಕಡಿಮೆಯ ಹೆಂಗಸಿನ ಜೊತೆ. ಮಾರೆವಾ ಎಂಬ ಮಗಳು ಹುಟ್ಟಿದಳು.

ಮಾರೆವಾ ಹುಟ್ಟುವ ಹಿಂದಿನ ವರ್ಷ ಊರಿನ ಆವೊಮ್ ಎಂಬಾಕೆಯ ಮಗಳು ತೋಕಾಗೆ ಕಾಯಿಲೆ ಬಂತು. ಒಂಬತ್ತು ವರ್ಷದ ಕೂಸು. ಮೂರೇ ವಾರದಲ್ಲಿ ಕರಗಿ ಕಡ್ಡಿಯಾದಳು. ಎಷ್ಟು ಕುಡಿದರೂ ತೀರದ ಬಾಯಾರಿಕೆ, ವಾಂತಿ, ಏದುಸಿರು. ಉಸಿರಿಗೆ ಮಾಗಿ ಕೊಳೆತ ಹಣ್ಣಿನ ವಾಸನೆ. ವಿಮಾನ ಸಿಕ್ಕಿದ್ದು ಅದೃಷ್ಟ. ತರಾವಾದಲ್ಲಿ ಪ್ರಾಣ ಉಳಿಸಿ, ಇನ್ಸುಲಿನ್ ಕೊಟ್ಟು ಕಳಿಸಿದರು. "ನಮ್ಮ ಕಮೊಗೆ ಇರೋದೇ ಇವಳಿಗೂ ಬಂದಿದೆ," ಎಂದ ಇಯೋಬಿ.

ಆಸ್ಪತ್ರೆಯ ಬೆಂಚಿನ ಮೇಲೆ ಈಗ ಇಬ್ಬರಾದರು. ಹಸಿ ಪರಂಗಿಕಾಯಿಗೆ ಚುಚ್ಚಿಸಿ ಚುಚ್ಚಿಸಿ ಅವಳ ಕೈ ಪಳಗಿಸಿದವನು ಕಮೊರಿಕಿ. ಅವಳು ಮಹಾ ಮಾತುಗಾತಿ.

"ಕಮೊ ಮಾಮ, ಸೂಜಿ ಚುಚ್ಚಿಕೊಂಡಾಗ ನೀನು ಅಳ್ತೀಯಾ?"

"ಅಳ್ತೀನಿ."

"ನಾನು ನೋಡೇ ಇಲ್ಲ!"

"ನೀನು ಹೋದ ಮೇಲೆ ಅಳ್ತೀನಿ. ಇದ್ದರೆ ನಗ್ತೀಯಲ್ಲ."

ಅವಳು ಅದನ್ನು ನಿಜವೆಂದೇ ನಂಬಿದಳು. ಮರುದಿನದಿಂದ ತನ್ನ ಸೂಜಿ ಮುಗಿದರೂ ಮನೆಗೆ ಹೋಗದೆ ಅವನದು ಮುಗಿಯುವವರೆಗೆ ಪಕ್ಕದಲ್ಲಿ ಕೂತು, ಅವನ ತೋಳು ಸವರಿ, "ಆಯ್ತು ಆಯ್ತು" ಎನ್ನುತ್ತಿದ್ದಳು. ತಾವಿಬ್ಬರದ್ದೂ ಒಂದು ಸಂಘ, ತಾನೇ ಅಧ್ಯಕ್ಷೆ ಎಂದು ಘೋಷಿಸಿಕೊಂಡಳು. ಒಂಬತ್ತು ವರ್ಷ ಒಬ್ಬನೇ ಹೊತ್ತ ಕಾಯಿಲೆಗೆ ಜೊತೆಗಾತಿ ಸಿಕ್ಕಂತಾಗಿತ್ತು ಕಮೊರಿಕಿಗೆ.

ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೇ ವರ್ಷ ವಿಮಾನ ಕೆಟ್ಟು ನಿಂತಿತು. ಸರಕಿನ ಹಡಗು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ರೇಡಿಯೋದಲ್ಲಿ ಹೇಳುತ್ತಲೇ ಹೋದರು. ಅಕ್ಕಿ ಮುಗಿಯಿತು, ಹಿಟ್ಟು ಮುಗಿಯಿತು. ಅದಕ್ಕೆ ಯಾರೂ ಹೆದರಲಿಲ್ಲ. ಮೀನಿದೆ, ದೀವಿಹಲಸಿದೆ, ಗುಂಡಿಯಲ್ಲಿ ಕೆಸುವಿನ ಗೆಡ್ಡೆಯಿದೆ. ಆದರೆ ಫ್ರಿಜ್ಜಿನಲ್ಲಿ ಇನ್ಸುಲಿನ್ ಉಳಿದದ್ದು ಅರ್ಧ ಬಾಟಲಿ.

ಇಯೋಬಿ ಇಬ್ಬರನ್ನೂ ಕರೆಸಿದ. ಆವೊಮ್ ಮಗಳ ಕೈ ಹಿಡಿದು ಬಂದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ಇಯೋಬಿ ಹೇಳಿದ, "ಇಬ್ಬರಿಗೂ ಆದರೆ ಹನ್ನೆರಡು ದಿನ. ಒಬ್ಬರಿಗೇ ಆದರೆ ಇಪ್ಪತ್ತನಾಲ್ಕು."

ಕಮೊರಿಕಿ ಯೋಚಿಸಲಿಲ್ಲ. "ಹಾಗಾದರೆ ನಂದೂ ಅವಳಿಗೇ ಇರಲಿ ಮಾವ. ನಾನು ಹೇಗೋ ತಡ್ಕೋತೀನಿ."

"ಹುಚ್ಚು ಮಾತಾಡಬೇಡ." ಇಯೋಬಿ ಅವನ ಮುಖ ನೋಡದೆ ಹೇಳಿದ. "ಇಬ್ಬರದ್ದೂ ಒಂದೇ ಕಾಯಿಲೆ. ಬಿಟ್ಟರೆ ಮೂರೇ ದಿನಕ್ಕೆ ಹೋಗ್ತೀಯ. ನಿನಗೂ ಮಗು ಇದೆ, ಹೆಂಡತಿ ಇದಾಳೆ. ಹನ್ನೆರಡು ದಿನದೊಳಗೆ ಏನಾದರೂ ಬಂದೇ ಬರುತ್ತೆ."

ಆವೊಮ್ ಕಮೊರಿಕಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. ಹೀಗೆ ಹಂಚಿಕೊಂಡರು.

ಹನ್ನೆರಡು ದಿನದಲ್ಲಿ ಏನೂ ಬರಲಿಲ್ಲ. ಹದಿಮೂರನೇ ದಿನ ತೋಕಾ ಬೆಂಚಿನ ಮೇಲೆ ಕೂತು ಹರಟಿದಳು. ಹದಿನಾಲ್ಕನೇ ದಿನ ವಾಂತಿ ಶುರುವಾಯಿತು. ಹದಿನೈದನೇ ದಿನ ಅದೇ ಏದುಸಿರು, ಅದೇ ಕೊಳೆತ ಹಣ್ಣಿನ ವಾಸನೆ. ಕಮೊರಿಕಿ ಅವಳ ಚಾಪೆಯ ಪಕ್ಕ ಕೂತು ಎಳನೀರಿನ ಹನಿ ಹನಿ ಬಾಯಿಗೆ ಬಿಟ್ಟ. ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಹದಿನಾರನೇ ದಿನ ಮಧ್ಯಾಹ್ನ ತೋಕಾ ಹೋದಳು.

ನಾಳೆ ನನ್ನ ಸರದಿ ಎಂದುಕೊಂಡು ಕಮೊರಿಕಿ ಮನೆಗೆ ಬಂದು ಮಲಗಿದ. ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ. ಬಾಯಾರಿಕೆಯಿತ್ತು, ಮೇಲಿಂದ ಮೇಲೆ ಮೂತ್ರ ಬರುತ್ತಿತ್ತು, ಕಾಲು ಸೋತಂತಿತ್ತು, ಅಷ್ಟೇ. ಮರುದಿನ ಎದ್ದ. ಅದರ ಮರುದಿನವೂ ಎದ್ದ. ತೋಕಾಳ ಗೋರಿಗೆ ಬಿಳಿ ಹರಳು ಹೊತ್ತು ತಂದು ಹಾಸಿದ. ಇಪ್ಪತ್ತಮೂರನೇ ದಿನ ವಿಮಾನ ಬಂತು, ಅದರೊಳಗೆ ಆರು ಬಾಟಲಿ ಇನ್ಸುಲಿನ್ ಬಂತು. ಅಷ್ಟೊತ್ತಿಗೆ ಸೂಜಿಯಿಲ್ಲದೆ ಹನ್ನೊಂದು ದಿನ ಕಳೆದಿದ್ದ ಕಮೊರಿಕಿ ವಿಮಾನದ ಬಯಲಿನಲ್ಲಿ ತನ್ನ ಕಾಲ ಮೇಲೇ ನಿಂತಿದ್ದ.

ಅದೇ ತಪ್ಪಾಯಿತು.

ಒಂದೇ ಕಾಯಿಲೆ, ಒಂದೇ ಸೂಜಿ, ಒಂದೇ ದಿನ ಔಷಧ ಮುಗಿದದ್ದು. ಮಗು ನಾಲ್ಕು ದಿನಕ್ಕೆ ಸತ್ತಳು, ಇವನು ಹನ್ನೊಂದು ದಿನ ಕಳೆದರೂ ಗುಂಡುಕಲ್ಲಿನ ಹಾಗಿದ್ದಾನೆ. ಊರಿನ ಬಾಯಿ ಕಟ್ಟುವುದಕ್ಕೆ ಆಗುತ್ತದೆಯೇ? ಮೊದಲು ಬಾವಿಯ ಹತ್ತಿರ ಪಿಸುಮಾತಾಯಿತು, ಆಮೇಲೆ ಆವೊಮ್ ನೇರವಾಗಿ ಅವನ ಮನೆ ಮುಂದೆ ಬಂದು ನಿಂತಳು.

"ಎಲ್ಲಿಟ್ಟಿದ್ದೆ ಹೇಳು! ಬಾಟಲಿ ಎಲ್ಲಿ ಬಚ್ಚಿಟ್ಟಿದ್ದೆ? ನಂದೂ ಅವಳಿಗೇ ಇರಲಿ ಅಂತ ಎಷ್ಟು ಚೆನ್ನಾಗಿ ಹೇಳಿದೆಯೋ! ಇನ್ನೊಂದು ಕೈಯಲ್ಲಿ ಇತ್ತು, ಅದಕ್ಕೇ ಹೇಳಿದೆ!"

"ಅಕ್ಕ, ನನ್ನ ಮಗಳ ಮೇಲೆ ಆಣೆ..."

"ನಿನ್ನ ಮಗಳು ಇದಾಳಲ್ಲ ಆಣೆ ಇಡೋಕೆ!"

ಮಾತು ಚಾವಡಿಗೆ ಹೋಯಿತು. ಗರಿ ಹೊದಿಸಿದ ಆ ದೊಡ್ಡ ಮಾಡಿನ ಕೆಳಗೆ ಹಿರಿಯರು ತಂತಮ್ಮ ವಂಶದ ಜಾಗದಲ್ಲಿ ಕೂತರು. ಕಮೊರಿಕಿಗೆ ಭಯವಿರಲಿಲ್ಲ. ಫ್ರಿಜ್ಜಿನ ಕೀಲಿ ಮಾವನ ಸೊಂಟದಲ್ಲಿರುತ್ತದೆ. ಬಂದ ಬಾಟಲಿ, ಖರ್ಚಾದ ಬಾಟಲಿ ಎಲ್ಲ ಮಾವನಿಗೆ ಗೊತ್ತು. ಮಾವ ಒಂದು ಮಾತು ಹೇಳಿದರೆ ಮುಗಿಯಿತು.

ಹಿರಿಯರಲ್ಲೊಬ್ಬರು ಕೇಳಿದರು, "ಇಯೋಬಿ, ಕೀಲಿ ನಿನ್ನ ಹತ್ತಿರ ಇತ್ತಲ್ಲಪ್ಪ. ಇನ್ನೊಂದು ಬಾಟಲಿ ಇತ್ತೋ ಇಲ್ಲವೋ?"

ಇಯೋಬಿ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡ. "ಕೀಲಿ ನನ್ನ ಹತ್ತಿರವೇ ಇತ್ತು," ಎಂದ. "ಆದರೆ ಹೆರಿಗೆ ಅಂತಲೋ ಜ್ವರ ಅಂತಲೋ ನಾನು ಊರೂರು ತಿರುಗೋನು. ಬಾಗಿಲಲ್ಲಿ ದಿನಾ ಕಾವಲು ಕೂರೋಕಾಗುತ್ತಾ?"

ಅಷ್ಟೇ. ಕಳ್ಳ ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಕಮೊರಿಕಿ ಮಾವನ ತೋಳು ಹಿಡಿದು ನಿಲ್ಲಿಸಿದ. "ಮಾವ, ಯಾಕೆ ಹಾಗಂದೆ?"

"ನಾನೇನು ನಿನ್ನ ಹೆಸರು ಹೇಳಿದೆನಾ?"

"ಹಾಗಾದರೆ ನಾನು ಹೇಗೆ ಬದುಕಿದೆ ಮಾವ? ನೀನೇ ಹೇಳು. ನನಗೂ ಅರ್ಥವಾಗ್ತಿಲ್ಲ."

"ದೇವರು ದೊಡ್ಡೋನು," ಎಂದು ಇಯೋಬಿ ತೋಳು ಬಿಡಿಸಿಕೊಂಡು ನಡೆದ.

ಶಿಕ್ಷೆ ಅಂತ ಯಾರೂ ಏನೂ ವಿಧಿಸಲಿಲ್ಲ. ವಿಧಿಸಿದ್ದರೆ ಒಂದು ದಿನ ಮುಗಿಯುತ್ತಿತ್ತೋ ಏನೋ. ಚಾವಡಿಯಲ್ಲಿ ಅವನು ಕೂತರೆ ಪಕ್ಕದವರು ಚಾಪೆ ಸರಿಸಿಕೊಳ್ಳುತ್ತಿದ್ದರು. ಅವನು ಇಳಿಸಿದ ನೀರಾ ಮನೆಯಲ್ಲೇ ಹುಳಿಯುತ್ತಿತ್ತು. "ಸೂಜಿ ಕಮೊ" ಹೋಗಿ "ಬಾಟಲಿ ಕಮೊ" ಆಯಿತು, ಈ ಹೆಸರು ಹೇಳುವಾಗ ಯಾರೂ ನಗುತ್ತಿರಲಿಲ್ಲ. ತೆರಾವೋಯಿ ಒಮ್ಮೆಯೂ ಅವನನ್ನು ಏನೂ ಕೇಳಲಿಲ್ಲ. ನಂಬಿದ್ದಕ್ಕೆ ಕೇಳಲಿಲ್ಲವೋ, ಉತ್ತರಕ್ಕೆ ಹೆದರಿ ಕೇಳಲಿಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳಿದವಳು ತಾಯಿ. ಐದಾರು ವರ್ಷ ಕಳೆದು ಅವಳು ಹಾಸಿಗೆ ಹಿಡಿದಿದ್ದಾಗ, ಅನ್ನ ಕಲೆಸುತ್ತಿದ್ದ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಅಂದಳು:

"ಕಮೊ, ನಾನು ಯಾರಿಗೂ ಹೇಳಲ್ಲಪ್ಪ. ಬಾಟಲಿ ಇಟ್ಟುಕೊಂಡಿದ್ದೆಯಾ?"

"ಇಲ್ಲವ್ವ."

"ಸರಿ," ಎಂದಳು. ಆ "ಸರಿ"ಯಲ್ಲಿ ನಂಬಿಕೆಯಿರಲಿಲ್ಲ. ಆ ವಾರವೇ ತೀರಿಕೊಂಡಳು.

ತೋಕಾ ಸತ್ತು ಹನ್ನೆರಡನೇ ವರ್ಷ ತರಾವಾದಿಂದ ಸಕ್ಕರೆ ಕಾಯಿಲೆಯವರ ಕಾಲು, ಕಣ್ಣು ನೋಡುವ ತಂಡ ಬಂತು. ಅದರಲ್ಲಿ ಡಾಕ್ಟರ್ ಅಕೆನೆತೆ ಎಂಬ ಹೆಂಗಸು. ಅವಳೂ ಈ ನಾಡಿನ ಬೇರೊಂದು ದ್ವೀಪದವಳೇ, ಫಿಜಿಯಲ್ಲಿ ಓದಿ ಬಂದವಳು. ಇಯೋಬಿ ಆಗಲೇ ನಿವೃತ್ತನಾಗಿ, ಅವನ ಜಾಗಕ್ಕೆ ಹೊಸ ನರ್ಸ್ ಬಂದಿದ್ದಳು. ಸಾಲಿನಲ್ಲಿದ್ದವರೆಲ್ಲ ತುಂಬು ಮೈಯವರು. ಸರದಿ ಬಂದಾಗ ಅಕೆನೆತೆ ಕಮೊರಿಕಿಯ ಕಾರ್ಡು ನೋಡಿದಳು, ಅವನ ಮೈ ನೋಡಿದಳು, ಮತ್ತೆ ಕಾರ್ಡು ನೋಡಿದಳು.

"ಇಪ್ಪತ್ತನಾಲ್ಕು ವರ್ಷದಿಂದ ಸೂಜಿ. ಇಷ್ಟು ಕಡಿಮೆ ಪ್ರಮಾಣದಲ್ಲಿ! ಯಾವತ್ತಾದರೂ ತಪ್ಪಿತ್ತಾ?"

ಹಿಂದೆ ನಿಂತವರೊಬ್ಬರು ಕೆಮ್ಮಿದರು. "ಒಂದು ಸಲ," ಎಂದ ಅವನು. "ಹನ್ನೊಂದು ದಿನ."

ಅವಳು ಪೆನ್ನು ಕೆಳಗಿಟ್ಟಳು. "ಪೂರ್ತಿ ಹನ್ನೊಂದು ದಿನ? ವಾಂತಿ ಆಯ್ತಾ? ಉಸಿರು ಹಿಡಿಯಿತಾ?"

"ನೀವೂ ಅದನ್ನೇ ಕೇಳ್ತೀರಾ ಡಾಕ್ಟ್ರಮ್ಮ? ನಾನು ಕದ್ದಿಲ್ಲ." ದನಿ ಅವನಿಗರಿವಿಲ್ಲದೆ ಏರಿತು. "ಎಷ್ಟು ಜನರಿಗೆ ಹೇಳಲಿ, ನಾನು ಕದ್ದಿಲ್ಲ!"

ಅವಳಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಕೇಳಿದಳು. ಅವನು ಹೇಳಿದ. ಪೂರ್ತಿ ಕೇಳಿ ಅವಳೆಂದಳು, "ಕದ್ದಿಲ್ಲ ಅಂತ ಗೊತ್ತಾಯಿತು. ಅದಕ್ಕೇ ಕೇಳ್ತಿದೀನಿ. ಆ ಮಗುಗೆ ಇದ್ದದ್ದು ನಿಮಗಿದ್ದಿದ್ದರೆ ನೀವು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ. ನಿಮ್ಮ ತಾಯಿಗೆ ಸಕ್ಕರೆ ಇತ್ತಾ?"

"ನಮ್ಮಲ್ಲಿ ಯಾರಿಗಿಲ್ಲ?"

"ಅದೇ ನಮ್ಮ ಗ್ರಹಚಾರ. ಎಲ್ಲರಿಗೂ ಇರೋದರಿಂದ ಯಾರೂ ಹೆಚ್ಚು ಕೇಳಲ್ಲ. ಅವರು ದಪ್ಪಗಿದ್ದರಾ?"

"ನನ್ನ ಹಾಗೇ. ಕಡ್ಡಿ."

"ಎಷ್ಟನೇ ವಯಸ್ಸಿಗೆ ಬಂತು?"

"ನನ್ನ ಹೆರೋ ಮುಂಚೇನೇ ಇತ್ತಂತೆ. ಅಜ್ಜಿಗೂ ಇತ್ತು, ಕಾಲು ಹೋಯಿತು. ಅವಳೂ ಕಡ್ಡಿ."

ಅವಳು ಕಾಗದದ ಮೇಲೆ ಅಜ್ಜಿ, ತಾಯಿ, ಮಗ ಎಂದು ಒಂದರ ಕೆಳಗೊಂದು ಗುಂಡಗೆ ಬರೆದು ಗೆರೆ ಎಳೆದಳು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದಳು. ಹೊಟ್ಟೆಯೊಳಗೊಂದು ಗ್ರಂಥಿಯಿದೆ, ಇನ್ಸುಲಿನ್ ಅಲ್ಲೇ ಹುಟ್ಟುವುದು. ತೋಕಾಗೆ ಅವಳ ಮೈಯೇ ಆ ಗ್ರಂಥಿಯ ಕೆಲಸ ಮಾಡುವ ಕಣಗಳನ್ನು ಕೊಂದಿತ್ತು. ಸೂಜಿ ತಪ್ಪಿದರೆ ಬದುಕಿಲ್ಲ. ಸಾಲಿನಲ್ಲಿ ನಿಂತ ದಪ್ಪಗಿನವರಿಗೆ ಗ್ರಂಥಿ ದುಡಿಯುತ್ತಿದೆ, ಮೈ ಅದರ ಮಾತು ಕೇಳುತ್ತಿಲ್ಲ. ಮೂರನೆಯದೊಂದಿದೆ, ಅಪರೂಪದ್ದು. ತಾಯಿಯಿಂದಲೋ ತಂದೆಯಿಂದಲೋ ಹುಟ್ಟಿನಲ್ಲೇ ಬರುತ್ತದೆ. ಗ್ರಂಥಿ ಸತ್ತಿಲ್ಲ, ತೂಕಡಿಸುತ್ತಿದೆ. ಒಂದು ಸಣ್ಣ ಮಾತ್ರೆ ತಟ್ಟಿದರೆ ಏಳುತ್ತದೆ.

"ನಿಮ್ಮದು ಅದೇ ಅಂತ ನನ್ನ ಗುಮಾನಿ. ಗುಮಾನಿಯ ಮೇಲೆ ಸೂಜಿ ನಿಲ್ಲಿಸಬೇಡಿ. ರಕ್ತ, ಮೂತ್ರ ಹೊರದೇಶಕ್ಕೆ ಕಳಿಸ್ತೀನಿ."

ನಾಲ್ಕು ತಿಂಗಳ ಮೇಲೆ ಅವನನ್ನು ತರಾವಾಕ್ಕೆ ಕರೆಸಿದರು. ಅವಳ ಗುಮಾನಿ ಸರಿಯಾಗಿತ್ತು. ಮೈ ತನ್ನನ್ನೇ ಕೊಂದುಕೊಳ್ಳುವ ಗುರುತು ರಕ್ತದಲ್ಲಿಲ್ಲ. ಗ್ರಂಥಿ ಇನ್ನೂ ಇನ್ಸುಲಿನ್ ಹುಟ್ಟಿಸುತ್ತಿದೆ. ವಂಶದಲ್ಲಿ ಇಳಿದು ಬಂದ ದೋಷವೂ ಸಿಕ್ಕಿದೆ. ಎರಡು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಸೂಜಿಯನ್ನು ಇಳಿಸುತ್ತಾ ಬಂದು ನಿಲ್ಲಿಸಿದರು. ದಿನಕ್ಕೆ ಅರ್ಧ ಮಾತ್ರೆ. ಇಪ್ಪತ್ತನಾಲ್ಕು ವರ್ಷ ಸೂಜಿಗೆ ಬಗ್ಗದ ಸಕ್ಕರೆ ಅರ್ಧ ಮಾತ್ರೆಗೆ ಬಗ್ಗಿತು. ತೊಡೆಯ ಮೇಲಿನ ಗಂಟುಗಟ್ಟಿದ ಚರ್ಮ ಸವರಿಕೊಂಡು ಕಮೊರಿಕಿ ಮಂಚದ ಮೇಲೆ ಕೂತಿದ್ದ. ಸಂತೋಷ ಎಲ್ಲಿಂದಲೂ ಬರಲಿಲ್ಲ. ಹಾಗಾದರೆ ಆ ಅರ್ಧ ಬಾಟಲಿಯಲ್ಲಿ ನನ್ನ ಪಾಲು ಯಾತಕ್ಕೆ ಹೋಯಿತು ಎಂಬುದೊಂದೇ ತಲೆಯಲ್ಲಿತ್ತು.

ಹೊರಡುವ ದಿನ ಅಕೆನೆತೆ ಅವನ ಹಳೆಯ ಫೈಲು ಹಿಡಿದು ಬಂದಳು. ಅವಳ ಮುಖ ಸರಿಯಿರಲಿಲ್ಲ. "ಇದನ್ನು ನಿಮಗೆ ತೋರಿಸದೆ ಇರೋಕೆ ನನಗೆ ಮನಸ್ಸು ಬರಲಿಲ್ಲ."

ಟೈಪು ಮಾಡಿದ ಒಂದು ಕಾಗದದ ನಕಲು. ಅವನನ್ನು ಶಾಲೆಯಿಂದ ವಾಪಸು ಕಳಿಸಿದ ಮೂರು ತಿಂಗಳಿಗೆ ಬರೆದದ್ದು. ಆಗ ಹೊರದೇಶದಿಂದ ಕೆಲವು ವಾರಕ್ಕೆ ಬಂದಿದ್ದ ಡಾಕ್ಟರೊಬ್ಬರು ಹೊಸ ರೋಗಿಗಳ ಫೈಲು ತಿರುವಿ ದ್ವೀಪದ ನರ್ಸ್‌ಗೆ ಬರೆದಿದ್ದರು: ಈ ಯುವಕನ ಕಾಯಿಲೆ ಸೂಜಿಯ ಜಾತಿಯದ್ದೆಂದು ನನಗೆ ಅನ್ನಿಸುವುದಿಲ್ಲ. ರಕ್ತ ಹುಳಿಯಾದ ಗುರುತು ಮೂತ್ರದಲ್ಲಿರಲಿಲ್ಲ, ಮೈ ಇಳಿದಿರಲಿಲ್ಲ. ಮನೆಯಲ್ಲಿ ತೆಳ್ಳಗಿನವರಿಗೆ ಎಳೆಯ ವಯಸ್ಸಿನಲ್ಲಿ ಸಕ್ಕರೆ ಬಂದದ್ದಿದೆಯೇ ಎಂದು ವಿಚಾರಿಸಿ. ಇದ್ದರೆ ಕೂಡಲೇ ಇಲ್ಲಿಗೆ ಕಳಿಸಿ, ಮಾತ್ರೆ ಕೊಟ್ಟು ನೋಡೋಣ. ಶಾಲೆಯ ವಿಷಯವನ್ನು ಮತ್ತೆ ಯೋಚಿಸಬಹುದು.

ಕೆಳಗೆ ಪಿನ್ನು ಚುಚ್ಚಿದ ಒಂದು ಚೀಟಿ. "ಕಾಗದ ತಲುಪಿತು." ಸಹಿ, ಇಯೋಬಿ.

ವಿಮಾನ ಇಳಿದವನು ಮನೆಗೆ ಹೋಗಲಿಲ್ಲ. ಇಯೋಬಿ ಮನೆ ಮುಂದಿನ ಅಟ್ಟಣಿಗೆಯ ಮೇಲೆ ಕೂತು ತೆಂಗಿನ ನಾರಿನ ಹುರಿ ಹೊಸೆಯುತ್ತಿದ್ದ. ಎಪ್ಪತ್ತರ ಹತ್ತಿರದ ಮುದುಕ, ಅವನೂ ಕಡ್ಡಿ. ಕಮೊರಿಕಿ ನಕಲನ್ನು ಅವನ ತೊಡೆಯ ಮೇಲಿಟ್ಟ. ಇಯೋಬಿ ಓದಲಿಲ್ಲ, ಓದುವ ಅಗತ್ಯವಿರಲಿಲ್ಲ.

"ತಾವಿತ ಹೋಗಿ ಮೂರು ತಿಂಗಳಾಗಿತ್ತು," ಎಂದ. "ತೋರಿಸಿದ್ದರೆ ಅವನನ್ನು ವಾಪಸು ಕಳಿಸಿ ನಿನ್ನನ್ನ ಕರೀತಿದ್ದರು. ಅವನಿಗೆ ಹಡಗು ಸಿಗಲಿ, ಮುಂದಿನ ವರ್ಷ ಹೇಳೋಣ ಅಂದುಕೊಂಡೆ. ಮುಂದಿನ ವರ್ಷ ಹೇಳಿದರೆ ಹೋದ ವರ್ಷ ಯಾಕೆ ಹೇಳಲಿಲ್ಲ ಅಂತಾರಲ್ಲ. ಹಾಗೇ ಹೋಯಿತು."

"ಹಾಗೇ ಹೋಯಿತಾ?"

ಇಯೋಬಿ ಕೈ ಹಿಂದೆ ಚಾಚಿ ಒಂದು ಬಿಸ್ಕತ್ತಿನ ಡಬ್ಬಿ ತೆಗೆದ. ಅದರಲ್ಲಿ ಅದೇ ಬಿಳಿ ಮಾತ್ರೆ. "ನನಗೂ ಇದೆ ಕಮೊ. ಇಪ್ಪತ್ತೆಂಟಕ್ಕೇ ಬಂತು. ಯಾರಿಗೂ ಹೇಳಿಲ್ಲ. ಅರ್ಧ ಮಾತ್ರೆಗೆ ನಿಲ್ಲುತ್ತೆ."

ಇದನ್ನು ಕಮೊರಿಕಿ ಎದುರು ನೋಡಿರಲಿಲ್ಲ. "ಹಾಗಾದರೆ ನಿನಗೆ ಗೊತ್ತಿತ್ತು. ಬಾಟಲಿ ಹಂಚಿದ ದಿನ ಗೊತ್ತಿತ್ತು."

"ಗುಮಾನಿ ಇತ್ತು. ಖಾತ್ರಿ ಇರಲಿಲ್ಲ. ಖಾತ್ರಿಯಿಲ್ಲದೆ ನಿನ್ನ ಸೂಜಿ ನಿಲ್ಲಿಸಿ, ನೀನು ಸತ್ತಿದ್ದರೆ?"

"ಆಸ್ಪತ್ರೆಯಲ್ಲಿ ಮಾತಾಡೋ ರೇಡಿಯೋ ಇತ್ತಲ್ಲ! ತರಾವಾದೋರನ್ನ ಒಂದು ಮಾತು ಕೇಳಿದ್ದರೆ ಆಗ್ತಿತ್ತು."

ಮುದುಕ ಹುರಿಯನ್ನು ಸುತ್ತಿದ, ಬಿಚ್ಚಿದ.

"ಆಯಿತು, ಸತ್ತಳು," ಎಂದ ಕಮೊರಿಕಿ. "ಆಮೇಲೆ ಚಾವಡಿಯಲ್ಲಿ? ಅವನು ಕದ್ದಿಲ್ಲ ಅಂತ ಎರಡು ಪದ. ನಿನ್ನ ಬಾಯಿಗೆ ಏನಾಗಿತ್ತು?"

"ಕದ್ದಿಲ್ಲ ಅಂದಿದ್ದರೆ, ಹಾಗಾದರೆ ಹೇಗೆ ಬದುಕಿದ ಅಂತ ಕೇಳ್ತಿದ್ದರು ಕಣಪ್ಪ."

ತಾಯಿ ಸಾಯುವಾಗ ಅಂದ "ಸರಿ" ಕಮೊರಿಕಿಗೆ ನೆನಪಾಯಿತು. ಈ ಮನುಷ್ಯ ಅವಳ ಹೆಣದ ತಲೆಯ ಬಳಿ ಕೂತು ಗೋಳಾಡಿ ಅತ್ತಿದ್ದ. ಹೊಡೆಯಬೇಕೆನ್ನಿಸಿತು, ಎತ್ತಿದ ಕೈಯಲ್ಲಿ ಕಾಗದವನ್ನಷ್ಟೇ ತೆಗೆದುಕೊಂಡ.

ಅಲ್ಲಿಂದ ನೇರ ಆವೊಮ್‌ಳ ಮನೆಗೆ. ಹನ್ನೆರಡು ವರ್ಷದಲ್ಲಿ ಆ ಅಂಗಳ ತುಳಿದಿರಲಿಲ್ಲ. ಅವಳು ಚಾಪೆಯ ಗರಿ ಸೀಳುತ್ತಿದ್ದವಳು ತಲೆಯೆತ್ತಿ ನೋಡಿ ಎದ್ದು ಒಳಹೋಗಲಿದ್ದಳು. "ಅಕ್ಕ, ಒಂದು ಕಾಗದ ಓದಿ ಹೇಳ್ತೀನಿ. ಕೇಳಿದ ಮೇಲೆ ಬೇಕಾದ್ದು ಅನ್ನು," ಎಂದು ಅಂಗಳದಲ್ಲೇ ಕೂತ. ಓದಿದ. ಪರೀಕ್ಷೆಯ ಫಲ ಹೇಳಿದ. ಮಾವನ ಡಬ್ಬಿಯ ಮಾತ್ರೆಯನ್ನೂ ಹೇಳಿದ. ತನ್ನ ಮೇಲಿನ ಕಳಂಕ ಹೋಯಿತೆಂದು ಹೇಳಲು ಬಂದದ್ದಲ್ಲ ಅವನು. ಹೇಳಬೇಕಾದ್ದು ಬೇರೆಯಿತ್ತು.

"ನನಗೆ ಆ ಔಷಧ ಬೇಕಾಗೇ ಇರಲಿಲ್ಲ ಅಕ್ಕ. ಅವಳ ಪಾಲನ್ನ ನಾನು ಸುಮ್ಮನೆ ಚುಚ್ಚಿಕೊಂಡೆ."

ಆವೊಮ್ ಗರಿ ಕೆಳಗಿಟ್ಟಳು. ಬೆರಳು ಮಡಿಸಿದಳು, ಬಿಚ್ಚಿದಳು. "ಅವಳಿಗೇ ಕೊಟ್ಟಿದ್ದರೆ ಎಷ್ಟು ದಿನ?"

"ಇಪ್ಪತ್ತನಾಲ್ಕು."

"ವಿಮಾನ ಬಂದದ್ದು?"

"ಇಪ್ಪತ್ತಮೂರಕ್ಕೆ."

ಅವಳು ಅಳಲಿಲ್ಲ, ಕೂಗಲಿಲ್ಲ. "ನೀನು ಕೊಡ್ತೀನಿ ಅಂದಿದ್ದೆ," ಎಂದಳು. "ನಾನೇ ಕೇಳಿಸಿಕೊಂಡಿದ್ದೆ. ಆಮೇಲೆ ಅದನ್ನೇ ತಿರುಗಿಸಿ ನಿನ್ನ ಮುಖಕ್ಕೆ ಉಗಿದೆ." ಕೈ ಚಾಚಿದಳು. "ಕಾಗದ ಕೊಡು."

ಭಾನುವಾರ ಪ್ರಾರ್ಥನೆ ಮುಗಿದು ಊರು ಚಾವಡಿಯಲ್ಲಿ ಸೇರಿದಾಗ ಮಾತೆತ್ತಿದವಳು ಆವೊಮ್. ಹೆಂಗಸರು ಅಲ್ಲಿ ಎದ್ದು ನಿಂತು ಮಾತಾಡುವ ರೂಢಿಯಿಲ್ಲ, ಆದರೂ ಯಾರೂ ತಡೆಯಲಿಲ್ಲ. ಕಾಗದವನ್ನು ಹೊಸ ನರ್ಸ್ ಕೈಯಲ್ಲಿ ಓದಿಸಿ, ಅದನ್ನು ತಂದು ಇಯೋಬಿಯ ಮುಂದೆ ಚಾಪೆಯ ಮೇಲಿಟ್ಟು, "ಇದು ನಿನ್ನ ಸಹಿಯಾ?" ಎಂದಷ್ಟೇ ಕೇಳಿದಳು.

"ನಂದೇ," ಎಂದ ಇಯೋಬಿ.

ಕೂತಿದ್ದವರು ಒಬ್ಬೊಬ್ಬರಾಗಿ ಕಮೊರಿಕಿಯ ಕಡೆಗೆ ತಿರುಗಿದರು. ಹಿರಿಯರು ಅವನನ್ನು ಮುಂದೆ ಕರೆದು ಕೂರಿಸಿಕೊಂಡರು, ಎಣ್ಣೆ ಹಚ್ಚಿದರು, ತಲೆಗೆ ಹೂವಿನ ದಂಡೆ ಇಟ್ಟರು. ಬೆನ್ನು ತಟ್ಟಿದ ಕೈಗಳೆಲ್ಲ ಹನ್ನೆರಡು ವರ್ಷ ಚಾಪೆ ಸರಿಸಿದ ಕೈಗಳೇ. ಅವನು ದಂಡೆಯನ್ನು ತಲೆಯ ಮೇಲಿಂದ ತೆಗೆಯಲಿಲ್ಲ. ಯಾರಿಗೂ ಪರವಾಗಿಲ್ಲ ಬಿಡಿ ಎಂದೂ ಹೇಳಲಿಲ್ಲ.

ಆ ವಾರ ಇಯೋಬಿ ಹೊಸ ಚಾಪೆಯೊಂದನ್ನು ಹೊತ್ತು ಕ್ಷಮೆ ಕೇಳಲು ಬಂದ. ರೂಢಿಯಂತೆ ಮನೆಯ ಮುಂದೆ ಬಿಸಿಲಲ್ಲಿ ತಲೆ ತಗ್ಗಿಸಿ ಕೂತ. ತೆರಾವೋಯಿ ಅವನಿಗೆ ನೀರು ಕೊಟ್ಟಳು. ಕಮೊರಿಕಿ ಹೊರಗೆ ಬರಲಿಲ್ಲ. ಮೂರು ದಿನ ಮುದುಕ ಬಂದು ಕೂತ. ನಾಲ್ಕನೇ ದಿನ ಬರಲಿಲ್ಲ. ಮಗ್ಗುಲ ಮನೆಯವರು, "ವಯಸ್ಸಾದೋನು ಕಮೊ, ಸಾಯೋಕೆ ಮುಂಚೆ ಒಂದು ಮಾತು ಆಡಪ್ಪ," ಎಂದರೆ, "ನನ್ನ ಅವ್ವನೂ ಸಾಯೋಕೆ ಮುಂಚೆ ಒಂದು ಮಾತು ಕೇಳಿದ್ದಳು," ಎನ್ನುತ್ತಿದ್ದ.

ಮುಂದಿನ ವರ್ಷ ಅಕೆನೆತೆ ಆ ವಂಶದವರನ್ನೆಲ್ಲ ಪರೀಕ್ಷಿಸಲೆಂದೇ ಬಂದಳು. ಆಸ್ಪತ್ರೆಯ ಮುಂದೆ ಇಪ್ಪತ್ತು ಮಂದಿಯ ಸಾಲು. ಕಮೊರಿಕಿಯ ಮಗಳು ಮಾರೆವಾಗೆ ಈಗ ಹದಿನೈದು. ಅವಳ ಕಡ್ಡಿಯೂ ಬಣ್ಣ ತಿರುಗಿತು. ಅವಳು ತುಟಿ ಕಚ್ಚಿಕೊಂಡು ಅಪ್ಪನನ್ನು ನೋಡಿದಳು.

"ನಾನೂ ಚುಚ್ಚಿಕೋಬೇಕಾ ಅಪ್ಪ?"

"ಬೇಡ ಮಗಳೇ. ರಕ್ತ ಕಳಿಸಿ ನೋಡ್ತಾರೆ, ನಂದೇ ಆದರೆ ಮಾತ್ರೆ. ಯಾರು ಏನೇ ಹೇಳಲಿ, ಕಾಗದ ತೋರಿಸಿ ಅಂತ ಕೇಳು. ನೀನೇ ಓದು."

ಸಾಲಿನ ಕೊನೆಯಲ್ಲಿ ಕೋಲೂರಿಕೊಂಡು ಇಯೋಬಿಯೂ ನಿಂತಿದ್ದ. ವಂಶದ ಪಟ್ಟಿ ಬರೆದುಕೊಳ್ಳುತ್ತಿದ್ದ ಹೊಸ ನರ್ಸ್ ಪೆನ್ನಿನಿಂದ ಆ ಕಡೆ ತೋರಿಸಿ, "ಅವರನ್ನು ಎಲ್ಲಿ ಸೇರಿಸಲಿ? ನಿಮಗೆ ಏನಾಗಬೇಕು?" ಎಂದಳು.

ಕಮೊರಿಕಿ ತಿರುಗಿ ನೋಡಲಿಲ್ಲ. "ನಮ್ಮವ್ವನ ತಮ್ಮ," ಎಂದ. "ಅವಳ ಪಕ್ಕಕ್ಕೆ ಬರೆದುಕೊಳ್ಳಿ."